ಅಪ್ಪ ವಾಸಿ ಮಾಡಿದ ಬಳ್ಳಿ

ಮನಿ ಪ್ಲಾಂಟನ್ನು ಕೇಳಿ ತರಬಾರದು, ಕದ್ದು ತಂದರೆ ಮಾತ್ರ ಚೆನ್ನಾಗಿ ಬರುತ್ತದೆ ಎಂದು ನಂಬಿರುವವರು ನಮ್ಮ ಊರಿನಲ್ಲಿ ಬೇಕಾದಷ್ಟಿದ್ದಾರೆ. ನನ್ನ ಜೊತೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಗೆಳತಿಯೊಬ್ಬರು ಯಾದವಗಿರಿಯಲ್ಲಿದ್ದಾರೆ. ವಿಜ್ಞಾನ ಓದಿದವರಾದರೂ ಈ ವಿಷಯದಲ್ಲಿ ಅವರೂ ಎಲ್ಲರ ಹಾಗೆಯೇ. ಅವರ ವರಾಂಡದ ಕಂಬಕ್ಕೆ ಹಬ್ಬಿದ್ದ ಬಳ್ಳಿಯನ್ನು ನಾನು ಹೋದಾಗಲೆಲ್ಲ ಹೊಗಳುತ್ತಿದ್ದೆ. ಒಂದು ದಿನ ಅವರು, ನಾನು ಕಾಫಿ ಮಾಡಿಕೊಂಡು ಬರುತ್ತೇನೆ, ಕತ್ತರಿ ಆ ಕಿಟಕಿಯ ಮೇಲಿದೆ ನೋಡಿ ಎಂದು ಹೇಳಿ ಒಳಗೆ ಹೋದರು. ಎರಡು ಲೋಟ ಕಾಫಿಗೆ ಅಷ್ಟು ಹೊತ್ತು ಯಾಕೆ ಬೇಕು ಎಂಬುದು ನನಗೆ ಗೊತ್ತಾಗದೆ ಇರಲಿಲ್ಲ. ಅವರು ಬರುವಷ್ಟರಲ್ಲಿ ನನ್ನ ಬ್ಯಾಗಿನಿಂದ ಒಂದು ಎಲೆ ಹೊರಗೆ ಇಣುಕುತ್ತಿತ್ತು. ಇಬ್ಬರೂ ಅದನ್ನು ಕಾಣದವರ ಹಾಗೆ ಕಾಫಿ ಕುಡಿದೆವು.

ಅದು ಬಾಟಲಿಯಲ್ಲಿ ನೀರು ತುಂಬಿ ಟಿವಿಯ ಪಕ್ಕ ಇಟ್ಟುಬಿಟ್ಟರೆ ತಾನಾಗಿ ಬೆಳೆದುಕೊಳ್ಳುವ ಹಸಿರು ಮನಿ ಪ್ಲಾಂಟ್ ಅಲ್ಲ. ಅದರದ್ದೇ ಇನ್ನೊಂದು ಜಾತಿ. ಎಲೆಯ ಅರ್ಧ ಹಸಿರು, ಅರ್ಧ ಬಿಳಿ. ಕೆಲವು ಎಲೆಯಲ್ಲಿ ರಂಗೋಲಿ ಪುಡಿ ಕೈತಪ್ಪಿ ಬಿದ್ದಂತೆ ಚುಕ್ಕೆಚುಕ್ಕೆ, ಕೆಲವದರಲ್ಲಿ ಒಂದು ಪಕ್ಕವೆಲ್ಲ ಬಿಳಿ. ಯಾವ ಎರಡು ಎಲೆಗಳೂ ಒಂದೇ ತರಹ ಇರುವುದಿಲ್ಲ. ಗಣಿತ ಹೇಳಿಕೊಡುವವಳಿಗೆ ಇದು ಇಷ್ಟವಾಗಬಾರದು. ನನಗೆ ಇಷ್ಟವಾಯಿತು.

ಗೆಣ್ಣು ನೀರಿನಲ್ಲಿ ಮುಳುಗುವಂತೆ ಒಂದು ಗಾಜಿನ ಲೋಟದಲ್ಲಿ ಇಟ್ಟೆ. ಬೇರು ಬಂದ ಮೇಲೆ ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಸ್ವಲ್ಪ ಮರಳು ಕಲಸಿ ಕುಂಡಕ್ಕೆ ಹಾಕಿದೆ. ಪೈಪಿನ ತುಂಡಿಗೆ ತೆಂಗಿನ ನಾರು ಸುತ್ತಿ ಕೋಲಿನ ಹಾಗೆ ನಡುವೆ ನಿಲ್ಲಿಸಿದೆ. ಬಳ್ಳಿಗೆ ಹತ್ತಲು ಏನಾದರೂ ಬೇಕು, ಇಲ್ಲದಿದ್ದರೆ ಎಲೆ ದೊಡ್ಡದಾಗುವುದೇ ಇಲ್ಲ. ರಾಮಕೃಷ್ಣನಗರದ ನಮ್ಮ ಮನೆಯ ಹಾಲಿಗೆ ಪೂರ್ವದ ಕಿಟಕಿಯಿದೆ. ಬೆಳಗಿನ ಬಿಸಿಲು ತೆಳುವಾದ ಪರದೆಯಲ್ಲಿ ಸೋಸಿಕೊಂಡು ಬರುವ ಜಾಗದಲ್ಲಿ ಕುಂಡ ಇಟ್ಟೆ. ಈ ಬಳ್ಳಿಗೆ ಬೆಳಕು ಬೇಕು, ಬಿಸಿಲು ಬೇಡ. ನೇರ ಬಿಸಿಲು ಬಿದ್ದರೆ ಬಿಳಿ ಭಾಗ ಸುಟ್ಟು ಕಂದಾಗುತ್ತದೆ. ಬೆಳಕು ಕಡಿಮೆಯಾದರೆ ಬಿಳಿ ಹೋಗಿ ಹಸಿರು ಹೆಚ್ಚುತ್ತದೆ, ಯಾಕೆಂದರೆ ಅನ್ನ ಬೇಯಿಸಿಕೊಳ್ಳುವುದು ಹಸಿರು ಮಾತ್ರ. ಬಿಳಿ ಸುಮ್ಮನೆ ಕೂತು ಉಣ್ಣುತ್ತದೆ. ಹಾಗಾಗಿ ಬಳ್ಳಿ ನಿಧಾನ. ಬೇಸಿಗೆಯೆಲ್ಲ ಕಾದರೂ ಅದು ಕೋಲಿನ ಅರ್ಧಕ್ಕೆ ಬಂದಿರಲಿಲ್ಲ. ಮಣ್ಣಿಗೆ ಬೆರಳು ಚುಚ್ಚಿ ಒಣಗಿದೆಯೋ ನೋಡಿ ನೀರು ಹಾಕುವುದು, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಯ ಧೂಳು ಒರೆಸುವುದು, ಇಷ್ಟೇ ಅದರ ಸೇವೆ.

ಅಪ್ಪ ಮೊದಲ ದಿನವೇ ಅದನ್ನು ಕಂಡು ಹುಬ್ಬು ಗಂಟಿಕ್ಕಿದರು. ಅಮ್ಮ ಹೋದ ಮೇಲೆ, ಅಂಗಡಿ ಮುಚ್ಚಿ, ಒಂಟಿಕೊಪ್ಪಲಿನ ಬಾಡಿಗೆ ಮನೆ ಬಿಟ್ಟು, ಅವರು ನನ್ನ ಜೊತೆಯಲ್ಲೇ ಇದ್ದಾರೆ. ನಾನು ಮದುವೆಯಾಗಲಿಲ್ಲ. ಅವರದ್ದು ಸಂತೇಪೇಟೆಯಲ್ಲಿ ಗೊಬ್ಬರ, ಬೀಜ, ಕ್ರಿಮಿನಾಶಕದ ಅಂಗಡಿ. ಸುತ್ತಲ ಹಳ್ಳಿಯ ರೈತರು ಟವೆಲಿನಲ್ಲಿ ಎಲೆ ಕಟ್ಟಿಕೊಂಡು ಬರುತ್ತಿದ್ದರು. ಅಪ್ಪ ಎಲೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಅಂಚು ಸುಟ್ಟಿದ್ದರೆ ಪೊಟ್ಯಾಷ್, ಭತ್ತದ ಗರಿ ತುಕ್ಕು ಹಿಡಿದಂತಿದ್ದರೆ ಸತು, ಕಬ್ಬಿನ ಗರಿ ಬಿಳಿಚಿದ್ದರೆ ಕಬ್ಬಿಣ ಎಂದು ಹೇಳಿ ಕಳಿಸುತ್ತಿದ್ದರು. ಹಸಿರಿಲ್ಲದ ಎಲೆ ಅಂದರೆ ಏನೋ ಕೊರತೆ ಎಂದೇ ಅವರ ಲೆಕ್ಕ. ನನ್ನ ಬಳ್ಳಿಗೂ ಅದೇ ತೀರ್ಪಾಯಿತು. ಇದು ರೋಗವಲ್ಲ, ಜಾತಿಯೇ ಹೀಗೆ, ಜನ ಇದನ್ನು ಈ ಬಣ್ಣಕ್ಕಾಗಿಯೇ ಬೆಳೆಸುತ್ತಾರೆ ಎಂದು ನಾನು ವಿವರಿಸಿದೆ. ಅಪ್ಪ ತಲೆಯಾಡಿಸಿದರು. ಪಾಠ ಅರ್ಥವಾಗದ ಹುಡುಗರು ನನ್ನ ತರಗತಿಯಲ್ಲಿ ತಲೆಯಾಡಿಸುವುದೂ ಹಾಗೆಯೇ.

ಈಗ ನನ್ನ ಮೈಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮೂರನೇ ಕ್ಲಾಸಿನಲ್ಲಿದ್ದಾಗ ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಬಿಳಿ ಚುಕ್ಕೆ ಬಂತು. ಅವರೆಕಾಳಿನಷ್ಟಿತ್ತು. ಆಮೇಲೆ ಕೈಗೆಲ್ಲ ಹರಡಿತು, ತುಟಿಯ ಮೂಲೆಗೆ ಬಂತು, ಕಣ್ಣಿನ ಪಕ್ಕಕ್ಕೆ ಬಂತು. ತೊನ್ನು ಎಂಬ ಪದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆಡಿದ್ದರೆ ನನಗೆ ಸಲೀಸಾಗುತ್ತಿತ್ತು. ಬದಲಿಗೆ ಔಷಧಿಗಳು ಬಂದವು. ತಾಮ್ರದ ತಂಬಿಗೆಯಲ್ಲಿ ರಾತ್ರಿಯೇ ತುಂಬಿಟ್ಟ ನೀರು ಬೆಳಿಗ್ಗೆ ಎದ್ದ ಕೂಡಲೇ. ಬಾವಂಚಿ ಬೀಜ ಅರೆದು ಹಚ್ಚಿಕೊಂಡು ಮಹಡಿಯ ಬಿಸಿಲಿನಲ್ಲಿ ಕೂರುವುದು. ಬೊಬ್ಬೆ ಎದ್ದರೆ ಔಷಧಿ ಹಿಡಿಯುತ್ತಿದೆ ಅಂತ ಅರ್ಥವಂತೆ. ಬಿಳಿ ತಿಂದರೆ ಬಿಳಿ ಹೆಚ್ಚುತ್ತದೆ ಎಂದು ಯಾರೋ ಪುಣ್ಯಾತ್ಮರು ಹೇಳಿದರೆಂದು ಮೊಸರು, ಮಜ್ಜಿಗೆ ನಿಂತವು. ಮೊಸರನ್ನಕ್ಕೆ ಜೀವ ಬಿಡುತ್ತಿದ್ದ ಹುಡುಗಿ ನಾನು. ಆ ಪುಣ್ಯಾತ್ಮರು ಯಾರೆಂದು ಇವತ್ತು ಗೊತ್ತಾದರೂ ಮನೆಗೆ ಹೋಗಿ ಜಗಳ ಕಾಯುತ್ತೇನೆ.

ಅಪ್ಪ ಅಂಗಡಿಯಿಂದ ಬಂದವರು ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಬೈದವರಲ್ಲ, ಹೊಡೆದವರಲ್ಲ. ನನ್ನನ್ನು ಓದಿಸಿದರು, ಕೆಲಸಕ್ಕೆ ಸೇರಿದ ದಿನ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಆದರೆ ಆ ನೋಟ ಮಾತ್ರ ಹೋಗಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ, ಈಗ ಕಮ್ಮಿಯಾಗುತ್ತಾ ಇದೆ ಎಂದು ಹೇಳುತ್ತಿದ್ದರು. ಕಮ್ಮಿಯಾಗುತ್ತಿರಲಿಲ್ಲ, ಅದು ಬಂದವರ ಕಣ್ಣಿಗೂ ಕಾಣುತ್ತಿತ್ತು. ಒಂದು ದಿನ ನಾನು ಎಲ್ಲ ಔಷಧಿಯನ್ನೂ ನಿಲ್ಲಿಸಿದೆ, ಹುಡುಗರಿಗೆ ತೋರಿಸುವುದನ್ನೂ ನಿಲ್ಲಿಸಲು ಹೇಳಿದೆ. ನನಗೆ ಈ ಮೈ ಅಭ್ಯಾಸವಾಗಿದೆ. ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ಹೊಸ ಮಕ್ಕಳು, ಮಿಸ್, ಕೈಗೆ ಸೀಮೆಸುಣ್ಣ ಆಗಿದೆ ಎನ್ನುತ್ತಾರೆ. ಒರೆಸಿದರೂ ಹೋಗದ ಸೀಮೆಸುಣ್ಣ ಕಣ್ರೋ ಅನ್ನುತ್ತೇನೆ. ಅವರು ನಗುತ್ತಾರೆ, ಜುಲೈ ಹೊತ್ತಿಗೆ ಮರೆಯುತ್ತಾರೆ. ಮರೆಯದವರು ಅಪ್ಪ ಒಬ್ಬರೇ. ಇವತ್ತಿಗೂ ಬೆಳಿಗ್ಗೆ ಕಾಫಿ ಕೊಟ್ಟರೆ ಅವರ ಕಣ್ಣು ಮೊದಲು ಹೋಗುವುದು ಲೋಟದ ಮೇಲಲ್ಲ, ಲೋಟ ಹಿಡಿದ ಕೈಯ ಮೇಲೆ. ಅವರಿರುವಷ್ಟರಲ್ಲಿ ಒಂದು ದಿನವಾದರೂ ನನ್ನನ್ನು ಏನೂ ಕೊರತೆಯಿಲ್ಲದ ಮಗಳ ಹಾಗೆ ನೋಡಲಿ ಎಂದು ನಾನು ಆಸೆಪಟ್ಟಿದ್ದೇನೆ. ಬೇರೆ ಏನನ್ನೂ ಅವರಿಂದ ಅಷ್ಟು ಆಸೆಪಟ್ಟಿಲ್ಲ.

ಮೊನ್ನೆ ಮಳೆಗಾಲಕ್ಕೆ ಮುಂಚೆ ಹಾಲಿಗೆ ಬಣ್ಣ ಹೊಡೆಸಿದೆ. ಸಾಮಾನೆಲ್ಲ ಹೊರಗೆ ಹೋಯಿತು. ಬಳ್ಳಿಯ ಕುಂಡ ಹಿತ್ತಲಿನ ವರಾಂಡಕ್ಕೆ ಹೋಯಿತು. ಅದು ಅಪ್ಪ ಕೂರುವ ಜಾಗ. ಪಕ್ಕದ ಮನೆಯ ಎತ್ತರದ ಗೋಡೆಯಿಂದಾಗಿ ಅಲ್ಲಿ ಮಧ್ಯಾಹ್ನವೂ ಮಬ್ಬು. ಬಣ್ಣದ ವಾಸನೆ ಹೋದ ಮೇಲೆ ಕುಂಡವನ್ನು ಒಳಗೆ ತರಬೇಕಿತ್ತು. ಅಷ್ಟರಲ್ಲಿ ಶಾಲೆ ಶುರುವಾಯಿತು. ಹೊಸ ಪುಸ್ತಕ, ಹೊಸ ವೇಳಾಪಟ್ಟಿ, ದಿನಾ ಒಂದು ಸಭೆ. ಗಿಡಕ್ಕೆ ನೀರು ಹಾಕಿದಿರಾ ಎಂದು ಕೇಳಿದರೆ ಅಪ್ಪ, ನಾನು ನೋಡ್ಕೊತಾ ಇಲ್ವಾ ಎನ್ನುತ್ತಿದ್ದರು. ಅವರಿಗೂ ಒಂದು ಕೆಲಸವಾಯಿತಲ್ಲ ಎಂದು ನಾನು ಸಮಾಧಾನದಿಂದ ಇದ್ದುಬಿಟ್ಟೆ.

ಎರಡು ಮೂರು ತಿಂಗಳ ಮೇಲೆ, ಮಳೆ ಬಿಟ್ಟ ಒಂದು ಭಾನುವಾರ, ಬಟ್ಟೆ ಒಣಗಿಸಲು ಹಿತ್ತಲಿಗೆ ಹೋದವಳು ನಿಂತಲ್ಲೇ ನಿಂತೆ. ಬಳ್ಳಿ ಕೋಲಿನ ತುದಿ ದಾಟಿ, ಕಿಟಕಿಯ ಸರಳು ಹಿಡಿದು, ಮೇಲಿನ ಸಜ್ಜಾದವರೆಗೆ ಹೋಗಿತ್ತು. ಅಂಗೈಗಿಂತ ಅಗಲದ ಎಲೆಗಳು, ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿದ್ದವು. ಒಂದರಲ್ಲೂ ಬಿಳಿ ಇರಲಿಲ್ಲ. ಅಪ್ಪ ಕುರ್ಚಿಯಿಂದ ಎದ್ದು ಬಂದು ಪಕ್ಕದಲ್ಲಿ ನಿಂತರು. ಅಂಗಡಿ ಮುಚ್ಚಿದ ಮೇಲೆ ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

"ವಾಸಿ ಮಾಡ್ಬುಟ್ಟೆ ನೋಡು" ಎಂದರು.

ಹೇಗೆ ಮಾಡಿದರು ಎಂಬುದನ್ನೂ ಹೇಳಿದರು. ಹಳೆಯ ಗಿರಾಕಿಯೊಬ್ಬರ ಕೈಲಿ ಅನ್ನಭೇದಿ ತರಿಸಿದ್ದರು, ಅಂದರೆ ಗಿಡಕ್ಕೆ ಕಬ್ಬಿಣ ಕೊಡುವ ಉಪ್ಪು. ಅದನ್ನು ನೀರಿಗೆ ಹಾಕಿ ಎಲೆಗೆ ಚಿಮುಕಿಸಿದ್ದರು. ಬುಡಕ್ಕೆ ಚಿಟಿಕೆ ಚಿಟಿಕೆ ಯೂರಿಯಾ. ಬಿಳಿ ಎಲೆ ಬಂದಾಗಲೆಲ್ಲ, ರೋಗ ಬೇರೆಯದಕ್ಕೆ ಹತ್ತದಿರಲಿ ಎಂದು ಚಿವುಟಿ ಹಾಕಿದ್ದರು. ಬಿಳಿಯ ಚಿಗುರು ಹೋದ ಹಾಗೆಲ್ಲ ಹಸಿರಿನ ಚಿಗುರು ಜೋರಾಗಿತ್ತು. ಆ ಮಬ್ಬು ಜಾಗವೂ ಅದಕ್ಕೆ ಕುಮ್ಮಕ್ಕು ಕೊಟ್ಟಿತ್ತು. ಕೃಷಿಯ ಲೆಕ್ಕದಲ್ಲಿ ಅಪ್ಪ ಒಂದು ತಪ್ಪನ್ನೂ ಮಾಡಿರಲಿಲ್ಲ. ಬಳ್ಳಿ ಹಿಂದೆಂದೂ ಇಲ್ಲದಷ್ಟು ಆರೋಗ್ಯವಾಗಿತ್ತು, ಬಳ್ಳಿಯ ಗುರುತು ಮಾತ್ರ ಇರಲಿಲ್ಲ.

ನನಗೆ ಸಿಟ್ಟು ಬೇಗ ಬರುತ್ತದೆ, ಅದು ಶಾಲೆಗೆಲ್ಲ ಗೊತ್ತು. ಆದರೆ ಅವತ್ತು ಬಂದದ್ದು ಆ ಸಿಟ್ಟಲ್ಲ. ಅದು ಮಹಡಿಯ ಬಿಸಿಲಿನಲ್ಲಿ ಕೂತಿದ್ದ ಹುಡುಗಿಯ ಸಿಟ್ಟು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಬಕೆಟಿಗೆ ಹಾಕಿ, "ಅದಕ್ಕೆ ಯಾವ ರೋಗಾನೂ ಇರ್ಲಿಲ್ಲ ಅಪ್ಪ. ನಂಗೂ ಇಲ್ಲ" ಎಂದೆ.

ಅಪ್ಪನ ಮುಖದ ನಗು ಹೋಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ಅದನ್ನು ನೋಡುತ್ತಾ ನಿಲ್ಲದೆ ಕತ್ತರಿ ತಂದೆ. ಬಣ್ಣ ಕಳೆದುಕೊಂಡ ಬಳ್ಳಿಯನ್ನು ಮತ್ತೆ ಬಣ್ಣಕ್ಕೆ ತರುವ ದಾರಿ ಒಂದೇ. ಹಸಿರಾಗಿ ಬೆಳೆದದ್ದನ್ನೆಲ್ಲ ಕತ್ತರಿಸಬೇಕು. ಕಾಂಡದಲ್ಲಿ ಎಲ್ಲಿ ಬಿಳಿಯ ಗೆರೆ ಇನ್ನೂ ಉಳಿದಿದೆಯೋ ಆ ಗೆಣ್ಣನ್ನು ಹುಡುಕಿ, ಅದರ ಮೇಲಕ್ಕೆ ಕತ್ತರಿ ಹಾಕಬೇಕು. ಅಲ್ಲಿಂದ ಬರುವ ಚಿಗುರಿಗೆ ಬಿಳಿ ನೆನಪಿರುತ್ತದೆ. ನಾನು ಕುಕ್ಕರಗಾಲಿನಲ್ಲಿ ಕೂತು ಮೇಲಿನಿಂದ ಕೆಳಗೆ ಹುಡುಕಿದೆ. ಬುಡದ ಹತ್ತಿರ, ಹಳೆಯ ಎಲೆಯೊಂದರ ಪಕ್ಕ, ದಾರದ ಎಳೆಯಷ್ಟು ಗೆರೆ ಕಂಡಿತು.

"ಅಷ್ಟೂನಾ?" ಎಂದು ಅಪ್ಪ ಹಿಂದಿನಿಂದ ಕೇಳಿದರು.

ಅಷ್ಟೂ ಎಂದೆ. ಕತ್ತರಿಸಿದೆ. ಸಜ್ಜಾದಿಂದ ಬಳ್ಳಿಯನ್ನು ಎಳೆದಾಗ ಗೆಣ್ಣಿನ ಬೇರುಗಳು ಗೋಡೆಯ ಸುಣ್ಣವನ್ನು ಕಿತ್ತುಕೊಂಡು ಬಂದವು. ಕುಂಡದಲ್ಲಿ ಉಳಿದದ್ದು ಒಂದು ಗೇಣು ಕಾಂಡ ಮತ್ತು ಎರಡು ಹಳೆಯ ಎಲೆ. ಅಪ್ಪ ಒಳಗೆ ಹೋದರು. ಅವತ್ತು ಮಧ್ಯಾಹ್ನ ಮುದ್ದೆ ತಿರುವಿ ಬಡಿಸಿದೆ, ಉಂಡರು, ಸಾರು ಚೆನ್ನಾಗಿದೆ ಎಂದೂ ಹೇಳಿದರು. ಅವರನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು, ಆದರೂ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

ಕುಂಡವನ್ನು ಪೂರ್ವದ ಕಿಟಕಿಗೆ ತಂದಿಟ್ಟೆ. ಎಲೆ ಕಡಿಮೆಯಿರುವಾಗ ಬೇರು ಹೆಚ್ಚು ನೀರು ಕುಡಿಯುವುದಿಲ್ಲ, ಹಾಕಿದರೆ ಕೊಳೆಯುತ್ತದೆ. ಹಾಗಾಗಿ ಮಾಡುವುದಕ್ಕೆ ಏನೂ ಇರಲಿಲ್ಲ. ಗೊಬ್ಬರವಿಲ್ಲ, ಔಷಧಿಯಿಲ್ಲ, ಸುಮ್ಮನೆ ಇರಬೇಕು. ಸುಮ್ಮನಿರುವುದು ಅಪ್ಪನಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಅಪ್ಪ ತಮ್ಮ ಕುರ್ಚಿಯನ್ನು ಹಿತ್ತಲಿನಿಂದ ಹಾಲಿಗೆ ತಂದುಕೊಂಡರು. ಪೇಪರು ಓದುವುದಕ್ಕೆ ಇಲ್ಲಿ ಬೆಳಕು ಚೆನ್ನಾಗಿದೆ ಎಂಬ ಕಾರಣ ಕೊಟ್ಟರು. ಆಯುಧಪೂಜೆಗೆ ಸ್ಕೂಟರು ತೊಳೆದು, ಬೂದುಗುಂಬಳ ಒಡೆದು ಆದ ಮೇಲೂ ಆ ಕಾಂಡ ಇದ್ದ ಹಾಗೇ ಇತ್ತು. ಸತ್ತಿದೆ ಎಂದು ನಾನು ಒಳಗೊಳಗೇ ತೀರ್ಮಾನಿಸಿದ್ದೆ. ದೀಪಾವಳಿಯ ಸುಮಾರಿಗೆ ಗೆಣ್ಣಿನಲ್ಲಿ ಜೋಳದ ಕಾಳಿನಷ್ಟು ಉಬ್ಬು ಕಾಣಿಸಿತು. ಮೊದಲು ಕಂಡವರು ಅಪ್ಪ. ಆದರೆ ಹೇಳಲಿಲ್ಲ, ನಾನೇ ನೋಡಲಿ ಎಂದು ಕಾದಿದ್ದರು.

ಆಮೇಲಿನ ಒಂದು ಬೆಳಿಗ್ಗೆ ಅವರು ನನ್ನನ್ನು ಕರೆದರು. ಚಿಗುರು ಸುರುಳಿ ಸುತ್ತಿಕೊಂಡು ಹೊರಗೆ ಬಂದಿತ್ತು, ಬೀಡಿಯ ಗಾತ್ರಕ್ಕೆ. ಎಲೆ ಇನ್ನೂ ಬಿಚ್ಚಿರಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತಿದ್ದರು. ಸುರುಳಿಯ ಹೊರಗಡೆ ಉದ್ದಕ್ಕೂ ಬಿಳಿಯ ಪಟ್ಟೆ ಇತ್ತು.

ಇನ್ನೂ ಬಿಸಿಲನ್ನೇ ಕಂಡಿಲ್ಲ, ಆಗಲೇ ಬಿಳಿಯಿದೆಯಲ್ಲ ಎಂದು ಕೇಳಿದರು. ಹೌದು, ಒಳಗಿನಿಂದಲೇ ಹಾಗೆ ಬರುತ್ತದೆ, ಯಾರೂ ಏನೂ ಮಾಡಿದ್ದಲ್ಲ ಎಂದೆ. ಅಪ್ಪ ಬಹಳ ಹೊತ್ತು ತಲೆಯಾಡಿಸಿದರು. ಈ ಸಲದ ತಲೆಯಾಟ ನಿಜವಾದದ್ದು. ಕೊನೆಗೂ ಲೆಕ್ಕ ತಲೆಗೆ ಹತ್ತಿತು ಎಂದು ನನಗೆ ಬಹಳ ಖುಷಿಯಾಯಿತು. ಆಗ ಅವರು ಬಳ್ಳಿಯಿಂದ ಕಣ್ಣು ತೆಗೆಯದೆ ಹೇಳಿದರು.

"ನೀನು ಅಂಗೆ ಹುಟ್ಲಿಲ್ವಲ್ಲ ಮಗ. ಮೂರನೇ ಕ್ಲಾಸ್ಗಂಟ ಚೆನ್ನಾಗೇ ಇದ್ದೆ. ಆ ವರ್ಷನೇ ಅಂಗಡಿ ಇಟ್ಟಿದ್ದು ನಾನು. ಹುಳ ಸಾಯ್ಸೋ ಪುಡಿ ಔಷಧಿನೆಲ್ಲ ಬರಿಗೈಲೇ ಅಳ್ದು ಕಟ್ಕೊಡ್ತಿದ್ದೆ. ಮನೆಗ್ ಬಂದ್ರೆ ನೀನು ಓಡ್ಬಂದು ಕೈ ಹಿಡ್ಕೊತಿದ್ದೆ, ತೊಳ್ಕೊಳಗಂಟ ಬುಡ್ತಿರ್ಲಿಲ್ಲ. ಹಿಡ್ಕೊತಿದ್ದ ಆ ಕೈಗೇ ಮೊದ್ಲು ಬಂದಿದ್ದು ನಿಂಗೆ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಇಷ್ಟು ವರ್ಷ ಆ ನೋಟವನ್ನು ನಾನು ಒಂದೇ ರೀತಿಯಲ್ಲಿ ಓದಿದ್ದೆ. ನನ್ನಲ್ಲಿ ಏನೋ ಕಮ್ಮಿಯಿದೆ ಎಂದು ನೋಡುತ್ತಾರೆ ಎಂದುಕೊಂಡಿದ್ದೆ. ಅವರು ಪ್ರತಿದಿನ ಬೆಳಿಗ್ಗೆ ನೋಡುತ್ತಿದ್ದದ್ದು ತಾವು ಮಾಡಿದ್ದು ಎಂದುಕೊಂಡಿದ್ದನ್ನು. ಅಮ್ಮನಿಗೂ ಅದನ್ನು ಹೇಳಿರಲಿಲ್ಲವಂತೆ. ನನಗೆ ಅಳು ಬಂತು, ಅದರ ಜೊತೆಗೆ ಅವರ ಮೇಲೆ ಕೋಪವೂ ಬಂತು. ಇಷ್ಟು ಸಣ್ಣ ಮಾತನ್ನು ಆಗಲೇ ಆಡಿದ್ದರೆ ಇಬ್ಬರಿಗೂ ಎಷ್ಟು ಹಗುರಾಗುತ್ತಿತ್ತು.

ಕಣ್ಣೊರೆಸಿಕೊಂಡು ವಾದಕ್ಕಿಳಿದೆ. ಗಣಿತದವಳಿಗೆ ಬೇರೇನು ಗೊತ್ತು. ಅದು ಹಾಗೆ ಕೈಯಿಂದ ಕೈಗೆ ಹತ್ತುವುದಲ್ಲ ಎಂದೆ. ಔಷಧಿಯಿಂದ ಬರುವುದಾಗಿದ್ದರೆ ಮೊದಲು ದಿನವಿಡೀ ಅದನ್ನು ಮುಟ್ಟುತ್ತಿದ್ದ ನಿಮ್ಮ ಕೈಗೇ ಬರಬೇಕಿತ್ತಲ್ಲ ಎಂದೆ. ಇದಕ್ಕೆ ಉತ್ತರವಿರಲಾರದು ಎಂದುಕೊಂಡಿದ್ದೆ. ಅಪ್ಪನ ಬಳಿ ಇತ್ತು. ಔಷಧಿ ಜಾಸ್ತಿಯಾದರೆ ಬಲಿತ ಎಲೆ ತಡೆದುಕೊಳ್ಳುತ್ತದೆ, ಮೊದಲು ಸುಡುವುದು ಎಳೆಯ ಚಿಗುರೇ ಎಂದರು. ಅದನ್ನು ಅವರು ಎಷ್ಟು ವರ್ಷದಿಂದ ತಮಗೆ ತಾವೇ ಹೇಳಿಕೊಂಡಿದ್ದರೋ, ಮಾತು ನುಣುಪಾಗಿ ಬಂತು. ನಾನು ಇನ್ನೂ ಏನೇನೋ ಹೇಳಿದೆ. ನೀನು ನನ್ನ ಸಮಾಧಾನಕ್ಕೆ ಹೇಳುತ್ತೀಯ ಎಂದಷ್ಟೇ ಅಪ್ಪ ಅಂದರು.

ಆ ವಾರವೆಲ್ಲ ನಾನು ಅವರ ಹಿಂದೆ ಬಿದ್ದೆ. ಮೊಬೈಲಿನಲ್ಲಿ ಓದಿದ್ದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಬಣ್ಣ ಕೊಡುವ ಜೀವಕೋಶಗಳನ್ನು ಮೈ ತಾನೇ ತಪ್ಪು ತಿಳಿದು ಹೊಡೆದುಹಾಕುತ್ತದೆ ಎಂದು ಬೋರ್ಡಿನ ಮೇಲೆ ಬರೆಯುವ ಹಾಗೆ ಕಾಗದದ ಮೇಲೆ ಬರೆದು ತೋರಿಸಿದೆ. ಊಟಕ್ಕೆ ಕೂತಾಗ ಹೇಳಿದೆ, ಹಲ್ಲುಜ್ಜುವಾಗ ಹೇಳಿದೆ. ಪಾಪ, ಅವರು ನಾನು ಬರುವ ಸದ್ದು ಕೇಳಿದರೆ ಪೇಪರು ಮುಖಕ್ಕೆ ಅಡ್ಡ ಹಿಡಿಯಲು ಶುರುಮಾಡಿದರು. ನನಗೆ ಬಾವಂಚಿ ಹಚ್ಚುವಾಗ ಅವರಿಗಿದ್ದ ಹಟವೇ ಈಗ ನನಗೆ ಬಂದಿತ್ತು. ಅದು ಗೊತ್ತಿದ್ದೂ ಬಿಡಲಾಗಲಿಲ್ಲ. ನನ್ನ ಮಾತನ್ನು ನಂಬದಿದ್ದರೆ ಡಾಕ್ಟರ ಮಾತನ್ನಾದರೂ ನಂಬುತ್ತಾರೆ ಎಂದು ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೊರಡಿಸಿದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬ್ಯಾಗು ಹಿಡಿದುಕೊಂಡು ಬಂದು ಸ್ಕೂಟರಿನ ಹಿಂದೆ ಕೂತರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಒಳಗೆ ಹೋಗುತ್ತಿದ್ದಂತೆಯೇ ಅವರಿಗೆ ಬೇಕಾದದ್ದೆಲ್ಲ ಕಂಡಿತು. ಕೂರಿಸಿ, ಕೈ ಹಿಡಿದು, ದೀಪ ಹತ್ತಿರ ತಂದು ನೋಡಿದರು. ಇದು ಹಳೆಯದು, ಈಗ ಹರಡುತ್ತಿಲ್ಲ ಎಂದರು. ಈಗ ಹೊಸ ಮುಲಾಮುಗಳು ಬಂದಿವೆ, ಬೆಳಕಿನ ಚಿಕಿತ್ಸೆಯೂ ಇದೆ, ಮುಖದ ಮೇಲಿನದಕ್ಕೆ ಸ್ವಲ್ಪ ಬಣ್ಣ ಬರಬಹುದು, ಬರೆದುಕೊಡಲೇ ಎಂದು ಪೆನ್ನು ತೆಗೆದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ನಾವು ಬಂದದ್ದು ಅದಕ್ಕಲ್ಲ ಎಂದು ನಾನು ಹೇಳಬೇಕಿತ್ತು. ಆದರೆ ಪಕ್ಕದ ಕುರ್ಚಿಯಲ್ಲಿ ಅಪ್ಪ ಇದ್ದರು. ಬಣ್ಣ ಬರಬಹುದು ಎಂಬ ಮಾತನ್ನು ಒಬ್ಬ ಡಾಕ್ಟರ ಬಾಯಿಂದ ಕೇಳಲು ಅವರು ನನ್ನ ಬಾಲ್ಯವೆಲ್ಲ ಓಡಾಡಿದ್ದರು. ಬರೀರಿ ಡಾಕ್ಟ್ರೇ ಎನ್ನುತ್ತಾರೆ ಎಂದು ನಾನು ಅವರ ಕಡೆ ನೋಡದೆ ಕಾದೆ.

ಅಪ್ಪ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ಬ್ಯಾಡಿ ಡಾಕ್ಟ್ರಮ್ಮ. ಅವ್ಳು ಚೆನ್ನಾಗವ್ಳೆ. ತೋರುಸ್ಕೊಳಕ್ ಬಂದಿರೋನು ನಾನು."

ಡಾಕ್ಟರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅಪ್ಪನನ್ನು ನೋಡಿದರು. ಆಮೇಲೆ ಪೆನ್ನು ಕೆಳಗಿಟ್ಟು, ದೀಪ ಆರಿಸಿ, ಏನಾಗಿದೆ ಹೇಳಿ ಯಜಮಾನರೇ ಎಂದು ಅವರ ಕಡೆ ತಿರುಗಿದರು. ಅಪ್ಪ ಅಂಗಡಿ ಇಟ್ಟ ವರ್ಷದಿಂದ ಹೇಳತೊಡಗಿದರು. ರೋಗಿಯ ಕುರ್ಚಿಯಿಂದ ನಾನು ಎದ್ದೆ, ಅಪ್ಪನ ಬ್ಯಾಗು ತೆಗೆದುಕೊಂಡು ಹೊರಗೆ ಬಂದು, ಜೊತೆಗೆ ಬಂದವರು ಕೂರುವ ಬೆಂಚಿನಲ್ಲಿ ಕೂತೆ.